ಬ್ಯಾಂಡ್ ಒಡೆದ ಮೇಲೆ ಗಿಟಾರಿಸ್ಟ್ ಏನು ಮಾಡಬೇಕು?

ಪ್ರಶ್ನೆ

ಮೇಡಂ, ನಮಸ್ಕಾರ. ನಾನು ಗಿಟಾರ್ ನುಡಿಸುತ್ತೇನೆ, ಟ್ಯೂನ್ ಹಾಕುತ್ತೇನೆ. ಊರು ಹುಬ್ಬಳ್ಳಿ, ಇರುವುದು ಬೆಂಗಳೂರು. ಕಾಲೇಜಿನಲ್ಲಿ ಶುರುವಾದ ನಮ್ಮ ಕನ್ನಡ ರಾಕ್ ಬ್ಯಾಂಡ್ ಒಂಬತ್ತು ವರ್ಷ ನಡೆಯಿತು. 2017ರಲ್ಲಿ ಒಂದು ಆಲ್ಬಂ, 2021ರಲ್ಲಿ ಇನ್ನೊಂದು. ಹೆಸರು ಚೆನ್ನಾಗೇ ಆಯಿತು. ಹೊರದೇಶದ ಕನ್ನಡ ಸಂಘದವರೂ ಕರೆಸಿಕೊಂಡಿದ್ದರು. ಒಂದೂವರೆ ವರ್ಷದ ಹಿಂದೆ ಗಾಯಕ ಬಿಟ್ಟು ಹೋದ. ದುಡ್ಡಿನ ಲೆಕ್ಕದಿಂದ ಶುರುವಾದದ್ದು ಮಾತು ಬಿಡುವ ತನಕ ಹೋಯಿತು. ಸಾಹಿತ್ಯ ಅವನದು, ಮ್ಯೂಸಿಕ್ ನನ್ನದು. ಜನಕ್ಕೆ ಗೊತ್ತಿದ್ದದ್ದು ಮಾತ್ರ ಅವನ ಮುಖ.

ಈಗ ಡ್ರಮ್ಮರ್ ಮತ್ತು ಬಾಸ್ ಗಿಟಾರಿಸ್ಟ್ ಸೇರಿ, ಹೊಸ ಗಾಯಕನನ್ನು ಹಾಕಿಕೊಂಡು ಅದೇ ಹೆಸರಲ್ಲಿ ಮುಂದುವರಿಯೋಣ ಅಂತಿದ್ದಾರೆ. ನನಗೆ ಮನಸ್ಸಿಲ್ಲ. ಆದರೆ ಹೆಸರು ಬಿಟ್ಟರೆ ನನ್ನನ್ನು ಯಾರು ಕರೆಯುತ್ತಾರೆ? ಹೊಸ ಹಾಡು ಮಾಡಲು ಕೂತರೆ ಎಲ್ಲವೂ ಹಳೇ ಬ್ಯಾಂಡಿನ ಹಾಗೇ ಕೇಳುತ್ತದೆ. ನನಗೆ ಸಾಹಿತ್ಯ ಬರೆಯಲು ಬರುವುದಿಲ್ಲ. 'ಬ್ಯಾಂಡ್ ಒಡೆದ ಮೇಲೆ ಉದ್ಧಾರ ಆದವರು ಯಾರೂ ಇಲ್ಲ, ಬೀಟಲ್ಸ್‌ನವರೂ ಆಗಲಿಲ್ಲ' ಅಂತ ಸ್ನೇಹಿತರು ಹೇಳುತ್ತಾರೆ. ಹಳೇ ಹಾಡುಗಳನ್ನು ನಾನು ಹಾಡಬಹುದಾ? ನಮ್ಮ ಮಧ್ಯೆ ಕಾಗದಪತ್ರ ಏನೂ ಇಲ್ಲ. ಇದರ ನಡುವೆ ಒಂದು ಕಾಲೇಜ್ ಫೆಸ್ಟ್‌ನವರು ಹಳೇ ನಾಲ್ಕೂ ಜನ ಒಂದು ಸಲ ಸೇರಿ ಕಾರ್ಯಕ್ರಮ ಕೊಡಿ ಅಂತ ದೊಡ್ಡ ಮೊತ್ತ ಹೇಳಿದ್ದಾರೆ. ಗಾಯಕ ಒಪ್ಪಿದ್ದಾನಂತೆ. ಹೊಸ ಹಾಡುಗಳ ಮೂರು ಡೆಮೊ (ಕರಡು ರೆಕಾರ್ಡಿಂಗ್) ಕಳಿಸಿದ್ದೇನೆ, ದಯವಿಟ್ಟು ಕೇಳಿ.

ಉತ್ತರ

ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು ಇವೆ, ಭಯ ಒಂದೇ. ಒಂಬತ್ತು ವರ್ಷ ಜನ ಚಪ್ಪಾಳೆ ಹೊಡೆದದ್ದು ನಿಮ್ಮ ಕೆಲಸಕ್ಕಾ, ಅವರ ದನಿಗಾ, ಇಲ್ಲಾ ಪೋಸ್ಟರಿನ ಮೇಲಿನ ಹೆಸರಿಗಾ ಅಂತ ನಿಮಗೆ ಗೊತ್ತಾಗುತ್ತಿಲ್ಲ. ರೆಕಾರ್ಡಿಂಗ್ ಕೆಲಸ ಮಾಡಿಕೊಂಡು, ಬ್ಯಾಂಡ್‌ಗಳ ವ್ಯವಹಾರ ನೋಡಿಕೊಂಡು ಬಂದವಳು ನಾನು. ಬ್ಯಾಂಡ್ ಬಿಟ್ಟು ಬಂದವರು, ಅದರಲ್ಲೂ ಗಿಟಾರ್, ಡ್ರಮ್ಸ್‌ನವರು, ನನ್ನೆದುರು ಕೂತು ಸುತ್ತಿ ಬಳಸಿ ಕೇಳುವುದು ಇದನ್ನೇ. ಗಾಯಕರಿಗೆ ಈ ಅನುಮಾನ ಕಡಿಮೆ. ಅವರ ಕಷ್ಟ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಡೆಮೊ. ಮೂರನ್ನೂ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಎರಡನೇದರಲ್ಲಿ ಪಲ್ಲವಿ ಮುಗಿದ ಮೇಲೆ ನಾಲ್ಕು ಬಾರ್ (ನಾಲ್ಕು ಆವರ್ತ) ಸುಮ್ನೆ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದುಕೊಂಡು ನಿಂತಿದ್ದೀರಿ. ಅಲ್ಲಿ ಏನೂ ಆಗುವುದಿಲ್ಲ. ನಿಮ್ಮ 2017ರ ಆಲ್ಬಂ ತೆಗೆದು ಪಕ್ಕದಲ್ಲಿಟ್ಟು ಕೇಳಿದೆ. ಹಾಡು ಹಾಡಿಗೂ ಇದೇ ಜಾಗದಲ್ಲಿ ನಿಮ್ಮ ಗಾಯಕರು ಆಲಾಪ ಎಳೆಯುತ್ತಿದ್ದರು. ಅವರು ಹೋಗಿ ಒಂದೂವರೆ ವರ್ಷ ಆಗಿದೆ, ನೀವು ಇನ್ನೂ ಅವರಿಗೆ ಜಾಗ ಬಿಟ್ಟುಕೊಂಡೇ ಟ್ಯೂನ್ ಹಾಕುತ್ತಿದ್ದೀರಿ. ಇನ್ನೊಂದು ವಿಷಯ: ಮೂರು ಡೆಮೊನೂ 'ಇ' ಶ್ರುತಿಯಲ್ಲಿವೆ. ಅದು ಅವರ ಗಂಟಲಿಗೆ ಹೊಂದುವ ಶ್ರುತಿ. ನೀವು ಹಾಡುವಾಗ ಪಲ್ಲವಿಯ ಮೇಲಿನ ಸ್ವರದಲ್ಲಿ ದನಿ ತೆಳುವಾಗಿ ಒಡೆಯುತ್ತದೆ. ನನ್ನ ದನಿ ಚೆನ್ನಾಗಿಲ್ಲ ಅಂತ ನೀವು ಅಂದುಕೊಂಡಿರಬೇಕು. ದನಿಗೆ ಏನೂ ಆಗಿಲ್ಲ. ಬೇರೆಯವರ ಶ್ರುತಿಯಲ್ಲಿ ಹಾಡಿದರೆ ಯಾರಿಗಾದರೂ ಹಾಗೇ ಆಗುತ್ತದೆ.

'ಎಲ್ಲವೂ ಹಳೇ ಬ್ಯಾಂಡಿನ ಹಾಗೇ ಕೇಳುತ್ತದೆ' ಅನ್ನುವ ನಿಮ್ಮ ದೂರಿಗೆ ಅರ್ಧ ಕಾರಣ ಇಲ್ಲೇ ಇದೆ. ಕಲ್ಪನೆ ಬತ್ತಿದ್ದರಿಂದ ಆದದ್ದಲ್ಲ ಇದು. ಕೈಗೆ ಅಭ್ಯಾಸ ಬಿದ್ದಿದೆ, ಅಷ್ಟೇ. ಆ ಮೂರು ಹಾಡನ್ನೂ ಮೂರು ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮೂರು ಮನೆ) ಕೆಳಗೆ ತನ್ನಿ. ತಂತಿ ಇಳಿಸಿಕೊಂಡು ಅದೇ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅದೇ ಬೆರಳಲ್ಲಿ ನುಡಿಸಬೇಡಿ, ಅದು ಕಳ್ಳದಾರಿ. ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಲ್ಲೇ ಇಟ್ಟುಕೊಂಡು 'ಸಿ ಶಾರ್ಪ್'ನಲ್ಲಿ ನುಡಿಸಿ. ನಿಮ್ಮ ರಿಫ್ ಎಲ್ಲಾ ಖಾಲಿ 'ಇ' ತಂತಿಯ ಮೇಲೆ ನಿಂತಿವೆ. ಆ ತಂತಿ ಈಗ ಮೊದಲಿನಷ್ಟು ನೆರವಿಗೆ ಬರುವುದಿಲ್ಲ. ಬೆರಳು ತಡಕಾಡುತ್ತದೆ. ತಡಕಾಡುವಾಗ ಸಿಗುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆ ನಾಲ್ಕು ಬಾರ್ ಇದೆಯಲ್ಲ, ಅದನ್ನು ತುಂಬಲು ಹೋಗಬೇಡಿ, ಕತ್ತರಿಸಿ ಬಿಸಾಕಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಊರಿನ ಜಾಯ್ ಡಿವಿಷನ್ ಬ್ಯಾಂಡಿಗೆ ಇದೇ ಆಯಿತು, ನಿಮಗಿಂತ ಬಹಳ ಕೆಟ್ಟ ರೀತಿಯಲ್ಲಿ. ಅವರ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು ತೀರಿಕೊಂಡ. ಅಮೆರಿಕ ಪ್ರವಾಸಕ್ಕೆ ಹೊರಡಬೇಕಿದ್ದ ಹೊತ್ತು. ಉಳಿದ ಮೂವರಲ್ಲಿ ಯಾರೂ ಹಾಡುಗಾರರಲ್ಲ. ಮೂವರೂ ಪ್ರಯತ್ನಪಟ್ಟು, ಕೊನೆಗೆ ಹಾಡುವ ಕೆಲಸ ಗಿಟಾರಿಸ್ಟ್ ಬರ್ನಾರ್ಡ್ ಸಮ್ನರ್ ತಲೆಗೆ ಬಂತು. ಅವನಿಗೆ ಒಟ್ಟಿಗೆ ಹಾಡುವುದೂ ನುಡಿಸುವುದೂ ಕಷ್ಟ. ಅದಕ್ಕೇ ಕೀಬೋರ್ಡ್ ಮತ್ತು ಗಿಟಾರ್‌ಗೆ ಗಿಲಿಯನ್ ಗಿಲ್ಬರ್ಟ್ ಎಂಬ ಹುಡುಗಿಯನ್ನು ಸೇರಿಸಿಕೊಂಡರು. ಹಾಡಿನ ನಡುವೆ ದನಿಯೇ ಇಲ್ಲದ ಉದ್ದುದ್ದ ಭಾಗಗಳು ಬಂದವು. ಸಿಂಥಸೈಜರ್, ಡ್ರಮ್ ಮೆಷಿನ್ ಬಂದವು. ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ ನಿಂತ ಅವರ ಹೊಸ ಸದ್ದಿನಲ್ಲಿ ಈ ಕೊರತೆಗಳ ಪಾಲು ದೊಡ್ಡದು.

ಆದರೆ ಅದು ತಕ್ಷಣ ಆಗಲಿಲ್ಲ. ಅವರ ಮೊದಲ ಸಿಂಗಲ್ಲೇ ಕರ್ಟಿಸ್ ಬದುಕಿದ್ದಾಗ ಕಟ್ಟಿದ ಹಾಡು. ಹಳೇ ಟೇಪ್ ಕೇಳಿ ಕೇಳಿ ಸಾಹಿತ್ಯದ ಪದಗಳನ್ನು ಹೆಕ್ಕಿಕೊಳ್ಳಬೇಕಾಯಿತು. 1981ರ ಮೊದಲ ಆಲ್ಬಂ ಕೇಳಿದರೆ ಗಾಯಕನಿಲ್ಲದ ಜಾಯ್ ಡಿವಿಷನ್ ಅನ್ನಿಸುತ್ತದೆ. ಆ ಹೊಸ ಸದ್ದಿನ ದೊಡ್ಡ ಹಾಡು 'ಬ್ಲೂ ಮಂಡೇ' ಬಂದದ್ದು 1983ರ ಮಾರ್ಚ್‌ನಲ್ಲಿ. ಅಂದರೆ ಹತ್ತಿರ ಹತ್ತಿರ ಮೂರು ವರ್ಷ. ನಿಮಗೆ ಆಗಿರುವುದು ಒಂದೂವರೆ.

ಇನ್ನು ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ಬೀಟಲ್ಸ್‌ನವರೂ ಉದ್ಧಾರ ಆಗಲಿಲ್ಲ ಅನ್ನುವುದು ಪೂರ್ತಿ ತಪ್ಪು. ಎಲ್ಲರೂ ಉದ್ಧಾರ ಆಗುತ್ತಾರೆ ಅನ್ನುವುದೂ ಅಷ್ಟೇ ತಪ್ಪು. ನಾವು ಇವತ್ತು ಮಾತಾಡುವುದು ಗೆದ್ದವರ ಬಗ್ಗೆ ಮಾತ್ರ. ಒಂದು ಸೋಲೋ ಆಲ್ಬಂ ಮಾಡಿ ಸುಮ್ಮನಾದವರ ಪಟ್ಟಿ ಇದಕ್ಕಿಂತ ಉದ್ದ ಇದೆ. ನಿಮಗೆ ಸುಳ್ಳು ಧೈರ್ಯ ಹೇಳಿ ನನಗೇನು ಆಗಬೇಕು?

ಬೀಟಲ್ಸ್‌ನಲ್ಲಿ ನೋಡಬೇಕಾದದ್ದು, ನಾಲ್ಕು ಜನ ಕಳೆದುಕೊಂಡದ್ದು ನಾಲ್ಕು ಬೇರೆ ಬೇರೆ ವಸ್ತು. ಇಬ್ಬರ ಕಥೆ ಸಾಕು. ಜಾರ್ಜ್ ಹ್ಯಾರಿಸನ್‌ಗೆ ಬ್ಯಾಂಡಿನಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರ ಹಾಡು ತುಂಬಿ, ಉಳಿದರೆ ಅವನಿಗೆ. 1969ರಲ್ಲಿ ಬಂದ ಆಲ್ಬಂನಲ್ಲೂ ಅವನದು ಎರಡೇ ಹಾಡು. ಬ್ಯಾಂಡ್ ಒಡೆದದ್ದೇ ತಡ, 1970ರ ನವೆಂಬರ್‌ನಲ್ಲಿ ಮೂರು ಎಲ್‌ಪಿ ರೆಕಾರ್ಡ್‌ಗಳ ಆಲ್ಬಂ ಹೊರಬಂತು. ಅದರಲ್ಲಿ ಎಷ್ಟೋ ಹಾಡು ವರ್ಷಗಳಿಂದ ಕೂಡಿಟ್ಟದ್ದು. ಆಲ್ಬಂಗೆ ಹೆಸರು ಕೊಟ್ಟ ಹಾಡನ್ನು ಅವನು 1969ರ ಜನವರಿಯಲ್ಲೇ ಬ್ಯಾಂಡಿನ ಮುಂದೆ ಇಟ್ಟಿದ್ದ, ಅವರು ಅದನ್ನು ಹೊರತರಲಿಲ್ಲ. ಅಮೆರಿಕದ ಸಿಂಗಲ್ಸ್ ಪಟ್ಟಿಯಲ್ಲಿ ನಂಬರ್ ಒನ್ ಆದ ಮೊದಲ ಮಾಜಿ ಬೀಟಲ್ ಅವನೇ. ಆಮೇಲಿನ ಆಲ್ಬಂಗಳು ಆ ಎತ್ತರಕ್ಕೆ ಹೋಗಲಿಲ್ಲ ಅಂತ ನನ್ನ ಅಭಿಪ್ರಾಯ. ಕೂಡಿಟ್ಟದ್ದು ಖಾಲಿಯಾದಾಗ ಹೊಸದನ್ನು ತಿದ್ದಿ ಹೇಳುವವರು ಅವನ ಸುತ್ತ ಕಡಿಮೆ ಇದ್ದರು.

ಮೆಕಾರ್ಟ್ನಿಗೆ ಹಾಡಿನ ಕೊರತೆ ಯಾವತ್ತೂ ಇರಲಿಲ್ಲ. ಅವನು ಕಳೆದುಕೊಂಡದ್ದು ಎದುರು ಕೂತು 'ಈ ಸಾಲು ಬೇಡ' ಅನ್ನುತ್ತಿದ್ದ ಲೆನನ್‌ನನ್ನು. 1970ರ ಏಪ್ರಿಲ್‌ನಲ್ಲಿ ಬಂದ ಮೊದಲ ಸೋಲೋ ಆಲ್ಬಂನಲ್ಲಿ ಎಲ್ಲಾ ವಾದ್ಯ ಅವನೇ ನುಡಿಸಿದ, ಹೆಚ್ಚಿನ ಭಾಗ ಮನೆಯಲ್ಲೇ ರೆಕಾರ್ಡ್ ಮಾಡಿದ. ಅದರಲ್ಲಿ ಅದ್ಭುತವಾದ ಹಾಡೂ ಇದೆ, ಅರ್ಧಕ್ಕೆ ಬಿಟ್ಟಂತಿರುವ ತುಣುಕುಗಳೂ ಇವೆ. ಯಾರಾದರೂ ಒಬ್ಬರು 'ಇದು ಇನ್ನೂ ಆಗಿಲ್ಲ' ಅಂದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ಬ್ಯಾಂಡ್ ಒಡೆದಾಗ ಕೈಬಿಟ್ಟು ಹೋಗುವುದು ಪ್ರತಿಭೆ ಅಂತ ಎಲ್ಲರೂ ಹೆದರುತ್ತಾರೆ. ನಾನು ನೋಡಿದ ಮಟ್ಟಿಗೆ ಹೋಗುವುದು 'ಬೇಡ' ಅನ್ನುವವರು. ಜ್ಯಾಮ್ ರೂಮಿನಲ್ಲಿ (ಅಭ್ಯಾಸದ ಕೋಣೆಯಲ್ಲಿ) ನೀವು ಹತ್ತು ರಿಫ್ ನುಡಿಸಿದರೆ ಡ್ರಮ್ಮರ್ ಎಂಟಕ್ಕೆ ಮುಖ ಸಿಂಡರಿಸುತ್ತಿದ್ದರು, ಅಲ್ವಾ? ಅವತ್ತು ಸಿಟ್ಟು ಬರುತ್ತಿತ್ತು. ಜನ ಕೇಳಿದ್ದು ಉಳಿದ ಎರಡನ್ನು. ಈಗ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಾಗ ಹತ್ತೂ ಚೆನ್ನಾಗಿ ಕೇಳುತ್ತವೆ, ಇಲ್ಲವೇ ಹತ್ತೂ ಕೆಟ್ಟದಾಗಿ ಕೇಳುತ್ತವೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಹೊಸ ಗಾಯಕನನ್ನಲ್ಲ, ಹೊಸ ಹೆಸರನ್ನೂ ಅಲ್ಲ. ನಿಮ್ಮ ಹಾಡು ಕೇಳಿ ಬೇಡ ಅನ್ನಬಲ್ಲ, ಹಾಗಂದಾಗ ನೀವು ಮಾತು ಕೇಳುವಂಥ ಒಬ್ಬರು ಬೇಕು. ಅಭಿಮಾನಿ ಆಗಿರಬಾರದು. ಮನೆಯವರೂ ಬೇಡ, ಅವರು ನಿಮ್ಮನ್ನು ನೋಯಿಸುವುದಿಲ್ಲ. ಒಬ್ಬ ಒಳ್ಳೇ ಪ್ರೊಡ್ಯೂಸರ್ ಆಗಬಹುದು, ತಬಲಾ ನುಡಿಸುವವರಾಗಬಹುದು, ನಿಮಗಿಂತ ಹತ್ತು ವರ್ಷ ಚಿಕ್ಕವರೂ ಆಗಬಹುದು.

ನಿಮ್ಮ ಕಥೆಗೆ ತೀರಾ ಹತ್ತಿರವಾದದ್ದು ಇನ್ನೊಂದು ಮ್ಯಾಂಚೆಸ್ಟರ್ ಬ್ಯಾಂಡ್, ದಿ ಸ್ಮಿತ್ಸ್. ಗಿಟಾರಿಸ್ಟ್ ಜಾನಿ ಮಾರ್ ಟ್ಯೂನ್ ಮಾಡಿ ಕೊಡುತ್ತಿದ್ದ. ಗಾಯಕ ಮೋರಿಸ್ಸಿ ಅದಕ್ಕೆ ಸಾಹಿತ್ಯ ಬರೆದು, ಹಾಡುವ ರೀತಿ ಕಂಡುಕೊಳ್ಳುತ್ತಿದ್ದ. ಐದು ವರ್ಷದಲ್ಲಿ ನಾಲ್ಕು ಆಲ್ಬಂ. ಸರಿಯಾದ ಮ್ಯಾನೇಜರ್ ಇಲ್ಲದೆ ವ್ಯವಹಾರದ ತಲೆನೋವೆಲ್ಲ ಮಾರ್ ಮೇಲೆ ಬಿತ್ತು. 1987ರಲ್ಲಿ ಬಿಟ್ಟು ಹೊರಟ. ಆಗ ಅವನಿಗೆ 23. ಉಳಿದವರು ಬೇರೆ ಗಿಟಾರಿಸ್ಟ್ ಹಾಕಿಕೊಂಡು ನೋಡಿದರು, ಆಗಲಿಲ್ಲ.

ಮೋರಿಸ್ಸಿ ಏನು ಮಾಡಿದ? ಗಾಯಕರ ಕಷ್ಟ ಅಂದೆನಲ್ಲ, ಅದು ಇದೇ: ದನಿ ಇದೆ, ಸಾಹಿತ್ಯ ಇದೆ, ಟ್ಯೂನ್ ಹಾಕುವವರಿಲ್ಲ. ಬ್ಯಾಂಡಿನ ರೆಕಾರ್ಡಿಂಗ್ ಮಾಡುತ್ತಿದ್ದ ಸ್ಟೀಫನ್ ಸ್ಟ್ರೀಟ್ ಜೊತೆ ಸೇರಿ 1988ರ ಮಾರ್ಚ್‌ಗೇ ಆಲ್ಬಂ ತಂದ. ಬ್ರಿಟನ್ನಿನಲ್ಲಿ ಅದು ನಂಬರ್ ಒನ್. ಟ್ಯೂನ್ ಹಾಕುವವನು ಅಷ್ಟು ದಿನ ಸ್ಟುಡಿಯೋದಲ್ಲೇ, ಮಿಕ್ಸರ್ ಹಿಂದೆ ಕೂತಿದ್ದ.

ಮಾರ್ ದಾರಿ ಬೇರೆ, ಉದ್ದದ್ದು. ಅವನು ಇನ್ನೊಂದು ಸ್ಮಿತ್ಸ್ ಕಟ್ಟಲು ಹೋಗಲಿಲ್ಲ. ಬೇರೆಯವರ ಬ್ಯಾಂಡಿನಲ್ಲಿ ನುಡಿಸಿದ. ಮೇಲೆ ಹೇಳಿದ ಸಮ್ನರ್ ಜೊತೆ ಎಲೆಕ್ಟ್ರಾನಿಕ್ ಎಂಬ ಜೋಡಿ ಮಾಡಿಕೊಂಡ. ಒಡೆದ ಎರಡು ಬ್ಯಾಂಡಿನ ಇಬ್ಬರು ಗಿಟಾರಿಸ್ಟ್‌ಗಳು ಸೇರಿ ಸಿಂಥಸೈಜರ್ ಹಾಡು ಮಾಡಿದ್ದು ನನಗೆ ಇವತ್ತಿಗೂ ತಮಾಷೆ ಅನ್ನಿಸುತ್ತದೆ. ಆಮೇಲೆ ಅಮೆರಿಕದ ಮಾಡೆಸ್ಟ್ ಮೌಸ್ ಬ್ಯಾಂಡಿಗೆ ಸೇರಿಕೊಂಡ. ಅವರ ಜೊತೆ ಮಾಡಿದ ಆಲ್ಬಂ 2007ರಲ್ಲಿ ಅಲ್ಲಿ ನಂಬರ್ ಒನ್ ಆಯಿತು. ಸಿನಿಮಾ ಹಿನ್ನೆಲೆ ಸಂಗೀತಕ್ಕೂ ನುಡಿಸಿದ. ನಡುವೆ ಒಮ್ಮೆ ಸ್ವಂತ ಬ್ಯಾಂಡ್ ಕಟ್ಟಿ ಹಾಡಿದ. ಬರೀ ತನ್ನ ಹೆಸರಿನಲ್ಲಿ ಆಲ್ಬಂ ತಂದದ್ದು 2013ರಲ್ಲಿ. 26 ವರ್ಷ! ಈಗ ಸ್ಟೇಜಿನ ಮೇಲೆ ಸ್ಮಿತ್ಸ್ ಹಾಡುಗಳನ್ನು ತಾನೇ ಹಾಡುತ್ತಾನೆ, ಜನವೂ ಹಾಡುತ್ತಾರೆ.

ನೀವು 26 ವರ್ಷ ಕಾಯಿರಿ ಅಂತ ನಾನು ಹೇಳುತ್ತಿಲ್ಲ. ಬೇರೆಯವರ ಹಾಡಿಗೆ ನುಡಿಸುವುದು ಗಿಟಾರಿಸ್ಟ್‌ಗೆ ಸೋಲಲ್ಲ ಅಂತ ಹೇಳುತ್ತಿದ್ದೇನೆ. ಸೆಷನ್ (ದುಡ್ಡಿಗೆ ಬೇರೆಯವರ ರೆಕಾರ್ಡಿಂಗ್‌ನಲ್ಲಿ ನುಡಿಸುವುದು), ಜಾಹೀರಾತು, ಸಿನಿಮಾ ಹಿನ್ನೆಲೆ ಸಂಗೀತ ಯಾವುದು ಸಿಕ್ಕರೂ ಒಂದಷ್ಟು ದಿನ ಮಾಡಿ. ಬೇರೆ ಶ್ರುತಿ, ಬೇರೆ ತಾಳ, ಬೇರೆ ಜನರ ಬೈಗುಳ ಎಲ್ಲಾ ಸಿಗುತ್ತದೆ. ಬಾಡಿಗೆಗೂ ಆಗುತ್ತದೆ. ಇದರಲ್ಲಿ ಅಪಾಯವೂ ಇದೆ. ದುಡ್ಡು ಸರಿಯಾಗಿ ಬರಲು ಶುರುವಾದರೆ ಸ್ವಂತ ಹಾಡು 'ಮುಂದಿನ ತಿಂಗಳು' ಅನ್ನುತ್ತಲೇ ವರ್ಷಗಳು ಹೋಗುತ್ತವೆ. ವಾರಕ್ಕೆ ಒಂದು ದಿನ ಯಾರ ಸೆಷನ್ನೂ ಒಪ್ಪಿಕೊಳ್ಳಬೇಡಿ.

ಹೊಸ ಬ್ಯಾಂಡ್ ಕಟ್ಟುವುದಾದರೆ ಮೆಕಾರ್ಟ್ನಿ ಮಾಡಿದ್ದನ್ನು ನೋಡಿ. ಅವನು 1971ರಲ್ಲಿ ವಿಂಗ್ಸ್ ಎಂಬ ಬ್ಯಾಂಡ್ ಕಟ್ಟಿದ. 1972ರ ಫೆಬ್ರವರಿಯಲ್ಲಿ ವ್ಯಾನಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ಮೊದಲೇ ಹೇಳದೆ ಕೇಳದೆ ಯೂನಿವರ್ಸಿಟಿಗಳಿಗೆ ಹೋಗಿ, 'ನಾವು ಇಲ್ಲಿ ನುಡಿಸಬಹುದಾ' ಅಂತ ಕೇಳಿಸಿದ. ನಾಟಿಂಗ್‌ಹ್ಯಾಮ್‌ನಲ್ಲಿ ಶುರು. ಟಿಕೆಟ್ ತೀರಾ ಅಗ್ಗ. ಪ್ರಪಂಚದಲ್ಲೇ ಅತಿ ಹೆಸರಾದ ಹಾಡುಗಾರ ವಿದ್ಯಾರ್ಥಿಗಳ ಹಾಲ್‌ನಲ್ಲಿ ನಿಂತು, ಒಂದೇ ಒಂದು ಬೀಟಲ್ಸ್ ಹಾಡು ಹಾಡದೆ, ಹೊಸ ಬ್ಯಾಂಡಿನ ತಪ್ಪುಗಳನ್ನೆಲ್ಲ ಅಲ್ಲೇ ಮಾಡಿ ಮುಗಿಸಿದ. ಬೀಟಲ್ಸ್ ಹಾಡುಗಳನ್ನು ಮತ್ತೆ ಪಟ್ಟಿಗೆ ಸೇರಿಸಿಕೊಂಡದ್ದು ವಿಂಗ್ಸ್ ತನ್ನ ಕಾಲ ಮೇಲೆ ನಿಂತ ಮೇಲೆ. 1976ರ ಅಮೆರಿಕ ಪ್ರವಾಸದಲ್ಲಿ ಐದು. ಈ ಐದು ಅನ್ನುವ ಲೆಕ್ಕ ನನಗೆ ಇಷ್ಟ. ಹಳೇದು ಪೂರ್ತಿ ಬೇಡ ಅನ್ನಲಿಲ್ಲ, ಅದರ ಮೇಲೇ ಬದುಕಲೂ ಇಲ್ಲ.

ಅದೇ ವಿಂಗ್ಸ್‌ನಲ್ಲಿ ಎಚ್ಚರಿಕೆಯೂ ಇದೆ. 1973ರಲ್ಲಿ ಆಲ್ಬಂ ರೆಕಾರ್ಡಿಂಗ್‌ಗೆ ನೈಜೀರಿಯಾದ ಲಾಗೋಸ್‌ಗೆ ಹೊರಡುವ ಹೊತ್ತಿಗೆ ಗಿಟಾರಿಸ್ಟ್ ಮತ್ತು ಡ್ರಮ್ಮರ್ ಇಬ್ಬರೂ ಬಿಟ್ಟುಹೋದರು. ಹೆಸರಿಗೆ ಬ್ಯಾಂಡ್, ನಡೆಯುವುದು ಒಬ್ಬನ ಮಾತು. ಅಂಥ ಕಡೆ ಜನ ನಿಲ್ಲುವುದಿಲ್ಲ. ನಿಮ್ಮ ಹೊಸ ಗುಂಪಿನಲ್ಲಿ ಉಳಿದವರು ಪಾಲುದಾರರಾ, ಸಂಬಳಕ್ಕೆ ನುಡಿಸುವವರಾ ಅಂತ ಮೊದಲ ಜ್ಯಾಮ್‌ಗೆ ಮುಂಚೆ ಹೇಳಿಬಿಡಿ. ಎರಡೂ ಸರಿಯೇ. ಒಂದನ್ನು ಹೇಳಿ ಇನ್ನೊಂದು ಮಾಡಿದರೆ ಜಗಳ.

ಮೂರನೇ ದಾರಿ, ಒಬ್ಬರೇ ಮಾಡುವುದು. ನಿರ್ವಾಣ ಬ್ಯಾಂಡಿನ ಡ್ರಮ್ಮರ್ ಡೇವ್ ಗ್ರೋಲ್, ಗಾಯಕ ಕರ್ಟ್ ಕೊಬೇನ್ ತೀರಿಕೊಂಡ ವರ್ಷ, 1994ರ ಅಕ್ಟೋಬರ್‌ನಲ್ಲಿ ಸ್ಟುಡಿಯೋ ಹಿಡಿದು ಒಂದು ವಾರದೊಳಗೆ ಹೆಚ್ಚುಕಡಿಮೆ ಎಲ್ಲಾ ವಾದ್ಯವನ್ನೂ ತಾನೇ ನುಡಿಸಿ ಹದಿನೈದರಷ್ಟು ಹಾಡು ಮುಗಿಸಿದ. ತನ್ನ ಹೆಸರು ಹಾಕದೆ, ಒಂದು ಗುಂಪಿನ ಹಾಗೆ ಕೇಳಲಿ ಅಂತ ಫೂ ಫೈಟರ್ಸ್ ಅಂತ ಇಟ್ಟು ಕ್ಯಾಸೆಟ್ ಹಂಚಿದ. ಬ್ಯಾಂಡ್ ಕಟ್ಟಿದ್ದು ಆಮೇಲೆ. ನಿಮಗೆ ಇದನ್ನು ನಾನು ಸಲಹೆ ಮಾಡುವುದಿಲ್ಲ. ಗ್ರೋಲ್ ಹಾಡುಗಳನ್ನು ವರ್ಷಗಳಿಂದ ಗುಟ್ಟಾಗಿ ಬರೆದಿಟ್ಟುಕೊಂಡಿದ್ದ. ನಿಮ್ಮ ಹತ್ತಿರ ಸಾಹಿತ್ಯವೇ ಇಲ್ಲ.

ಸಾಹಿತ್ಯ ಬರುವುದಿಲ್ಲ ಅಂತ ಕೊರಗುವ ಕನ್ನಡದ ಟ್ಯೂನ್‌ಕಾರರನ್ನು ಕಂಡರೆ ನನಗೆ ಸ್ವಲ್ಪ ಆಶ್ಚರ್ಯ. ಸುಗಮ ಸಂಗೀತ ಇಡಿಯಾಗಿ ನಿಂತಿರುವುದೇ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ರಾಗ ಹಾಕುವುದರ ಮೇಲೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹೆಸರಾದದ್ದು ಹೀಗೇ. ನೀವು ಹುಬ್ಬಳ್ಳಿಯವರು, ಶಿಶುನಾಳ ನಿಮಗೆ ದೂರವಲ್ಲ. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳಿಗೆ ಯಾರ ಅನುಮತಿಯೂ ಬೇಡ, ವಚನಗಳಿಗೂ ಬೇಡ. ಆದರೆ ಅಶ್ವತ್ಥ್ ಹಾಕಿದ ರಾಗ ಅಶ್ವತ್ಥ್ ಅವರದು, ಅದನ್ನು ಮುಟ್ಟಬೇಡಿ. ಪದ ಮಾತ್ರ ಎಲ್ಲರದು. ಬೇಂದ್ರೆ, ಕುವೆಂಪು ಬೇಕಾದರೆ ಅವರ ಮನೆಯವರ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ಹೋದದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಇನ್ನೊಂದು ಮಾತು: ಷರೀಫರ ಅದೇ ನಾಲ್ಕೈದು ಪದಗಳನ್ನು ಎಲ್ಲಾ ಫ್ಯೂಷನ್‌ನವರೂ ಹಿಡಿದು ಸವೆಸಿದ್ದಾರೆ. ಯಾರೂ ಹಾಡದ್ದನ್ನು ಹುಡುಕಿ. ಇಲ್ಲಾ ಈಗ ಬರೆಯುತ್ತಿರುವ ಒಬ್ಬ ಕವಿಯನ್ನು ಹಿಡಿಯಿರಿ. ಪದಗಳು ಮೊದಲು ಬಂದು ಟ್ಯೂನ್ ಆಮೇಲೆ ಬಂದರೆ ನಿಮ್ಮ ಹಳೇ ಕ್ರಮ ತಲೆಕೆಳಗಾಗುತ್ತದೆ. ನಿಮಗೆ ಬೇಕಿರುವುದೂ ಅದೇ.

ಈಗ ಕಾಗದಪತ್ರ. ಬ್ಯಾಂಡ್ ಒಡೆಯುವುದು ಅಹಂಕಾರದಿಂದ, ಹೆಂಗಸರಿಂದ ಅಂತ ಕಥೆ ಹೇಳುವುದು ಸುಲಭ. ಬೀಟಲ್ಸ್ ಒಡೆದದ್ದಕ್ಕೆ ಲೆನನ್ ಹೆಂಡತಿ ಯೋಕೋ ಓನೋ ಅವರನ್ನು ಇವತ್ತಿಗೂ ಬೈಯುತ್ತಾರೆ, ಪಾಪ. ಬ್ಯಾಂಡಿನ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ 1967ರಲ್ಲಿ ತೀರಿಕೊಂಡ ಮೇಲೆ ಲೆಕ್ಕ ನೋಡುವವರು ಯಾರು ಅನ್ನುವುದರಲ್ಲೇ ನಾಲ್ವರಿಗೂ ಒಮ್ಮತ ಬರಲಿಲ್ಲ. 1970ರ ಡಿಸೆಂಬರ್ 31ರಂದು ಮೆಕಾರ್ಟ್ನಿ ಕೋರ್ಟಿಗೆ ಹೋದ. ಪಾಲುದಾರಿಕೆ ಕಾನೂನಿನಂತೆ ಪೂರ್ತಿ ಬಿಡುಗಡೆಯಾಗಲು ನಾಲ್ಕು ವರ್ಷ ಹಿಡಿಯಿತು. 

ಸ್ಮಿತ್ಸ್‌ನಲ್ಲೂ ನಿಮ್ಮ ಹಾಗೇ ಬರಹದ ಒಪ್ಪಂದ ಇರಲಿಲ್ಲ. ಡ್ರಮ್ಮರ್ ಮೈಕ್ ಜಾಯ್ಸ್‌ಗೆ ರೆಕಾರ್ಡಿಂಗ್ ಮತ್ತು ಕಾರ್ಯಕ್ರಮದ ಆದಾಯದಲ್ಲಿ ಶೇಕಡಾ 10 ಕೊಡುತ್ತಿದ್ದರು. ಅವನು ಕೋರ್ಟಿಗೆ ಹೋಗಿ ಶೇಕಡಾ 25 ಕೇಳಿದ. 1996ರಲ್ಲಿ ಗೆದ್ದ. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆಲ್ಲ ಸಮಪಾಲು ಅನ್ನುವುದು ಅಲ್ಲಿನ ಕಾನೂನು. ನಮ್ಮ 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಮೂ ಅದನ್ನೇ ಹೇಳುತ್ತದೆ. ನಿಮ್ಮ ಬ್ಯಾಂಡ್ ಕಾನೂನಿನ ಕಣ್ಣಲ್ಲಿ ಪಾಲುದಾರಿಕೆ ಹೌದೇ ಅಲ್ಲವೇ ಅಂತ ವಕೀಲರು ನೋಡಿ ಹೇಳಬೇಕು. ಆದರೆ 'ನಾನು ಸ್ಥಾಪಕ, ನನಗೆ ಜಾಸ್ತಿ' ಅನ್ನುವ ವಾದ ಬರಹ ಇಲ್ಲದೆ ನಿಲ್ಲುವುದು ಕಷ್ಟ. ನಿಮಗೂ, ಗಾಯಕರಿಗೂ.

ಹಾಡಿನ ಹಕ್ಕು ಅಂದರೆ ಒಂದೇ ಹಕ್ಕಲ್ಲ. ಸಾಹಿತ್ಯ ಬರೆದವರದು ಒಂದು, ಸಂಗೀತ ಕಟ್ಟಿದವರದು ಒಂದು, ಆ ರೆಕಾರ್ಡಿಂಗ್‌ಗೆ ದುಡ್ಡು ಹಾಕಿ ಮಾಡಿಸಿದವರದು ಇನ್ನೊಂದು. 'ಮ್ಯೂಸಿಕ್ ನನ್ನದು' ಅಂತ ಬರೆದಿದ್ದೀರಿ. ಕಾರ್ಡ್ಸ್, ರಿಫ್ ನಿಮ್ಮದಿರಬಹುದು. ಪಲ್ಲವಿಯನ್ನು ಹಾಡುವ ಧಾಟಿ ಯಾರು ಕಂಡುಕೊಂಡರು? ಅದು ಅವರಾದರೆ ಸಂಗೀತವೂ ಇಬ್ಬರದು. ಹಳೇ ರಿಹರ್ಸಲ್ ರೆಕಾರ್ಡಿಂಗ್ ಇದ್ದರೆ ಅಳಿಸಬೇಡಿ, ಅದೇ ಸಾಕ್ಷಿ.

ಸ್ಟೇಜಿನ ಮೇಲೆ ಹಳೇ ಹಾಡು ಹಾಡುವುದು ಸಾಮಾನ್ಯವಾಗಿ ದೊಡ್ಡ ತೊಂದರೆಯಲ್ಲ. ಬರೆದವರು, ಟ್ಯೂನ್ ಹಾಕಿದವರು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯರಾಗಿದ್ದರೆ ಕಾರ್ಯಕ್ರಮದವರು ಅಲ್ಲಿ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ. ನೀವು ಇನ್ನೂ ಸದಸ್ಯರಾಗಿಲ್ಲದಿದ್ದರೆ ಈ ವಾರವೇ ಆಗಿ. ಮತ್ತೆ ರೆಕಾರ್ಡ್ ಮಾಡುವುದು ಬೇರೆ ಮಾತು. ಕಾಪಿರೈಟ್ ಕಾಯ್ದೆಯ 31ಸಿ ಕಲಂ ಪ್ರಕಾರ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ನೋಟಿಸ್ ಕೊಟ್ಟು, ರಾಯಲ್ಟಿ ಮುಂಗಡ ಕಟ್ಟಿ ಕವರ್ (ಅದೇ ಹಾಡಿನ ಹೊಸ ರೆಕಾರ್ಡಿಂಗ್) ಮಾಡಬಹುದು. 2017ರ ಆಲ್ಬಂ ಆ ಗಡಿ ದಾಟಿದೆ. 2021ರದ್ದಕ್ಕೆ 2026 ಮುಗಿಯಬೇಕು. ಮೊದಲು ಹಾಡಿದವರ ಹೆಸರು, ಚಿತ್ರ ಹೊದಿಕೆಯ ಮೇಲೆ ಹಾಕುವ ಹಾಗಿಲ್ಲ. ಇನ್ನೂ ಹಲವು ಷರತ್ತುಗಳಿವೆ, ಕಡಿಮೆ ದುಡ್ಡಿನ ಕೆಲಸವಲ್ಲ. ನಾಲ್ಕು ಜನ ಒಂದು ಕಾಗದಕ್ಕೆ ಸಹಿ ಹಾಕಿ 'ಯಾರು ಬೇಕಾದರೂ ಹಾಡಬಹುದು, ಪಾಲು ಹೀಗೆ' ಅಂತ ಬರೆದುಕೊಳ್ಳುವುದು ಇದಕ್ಕಿಂತ ಸಾವಿರ ಪಾಲು ಸುಲಭ.

ಹೆಸರಿನ ಬಗ್ಗೆ ನನ್ನ ಸಲಹೆ ನಿಮಗೆ ಹಿಡಿಸಲಿಕ್ಕಿಲ್ಲ. ಬಿಟ್ಟುಕೊಡಿ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಬ್ಯಾಂಡಿನಿಂದ ಹೊರಬಂದ ರೋಜರ್ ವಾಟರ್ಸ್ 1986ರಲ್ಲಿ ಆ ಹೆಸರನ್ನು ಉಳಿದವರು ಬಳಸಬಾರದು ಅಂತ ಕೋರ್ಟಿಗೆ ಹೋದ. ಮರುವರ್ಷ ಉಳಿದವರು ಅದೇ ಹೆಸರಲ್ಲಿ ಸ್ಟೇಡಿಯಂ ತುಂಬಿಸಿದರು. ಬಹುಪಾಲು ಸಾಹಿತ್ಯ ಬರೆದ ಇವನು ತನ್ನ ಹೆಸರಲ್ಲಿ ಅದಕ್ಕಿಂತ ಚಿಕ್ಕ ಜಾಗಗಳಲ್ಲಿ ಹಾಡಿದ. ಕೊನೆಗೆ ರಾಜಿಯಾಯಿತು. ತಾನು ಮಾಡಿದ್ದು ತಪ್ಪು ಅಂತ 2013ರಲ್ಲಿ ಅವನೇ ಒಪ್ಪಿಕೊಂಡ. ಹೆಸರಿಗೆ ಜನ ಬರುತ್ತಾರೆ, ನಿಜ. ಆದರೆ ಆ ಹೆಸರನ್ನು ನಿಲ್ಲಿಸಲು ನೀವು ಖರ್ಚು ಮಾಡುವ ವರ್ಷಗಳಲ್ಲಿ ಹೊಸ ಹಾಡು ಹುಟ್ಟುವುದಿಲ್ಲ. ನಮ್ಮಲ್ಲೇ ನೋಡಿ, ದೆಹಲಿಯ ಇಂಡಿಯನ್ ಓಷನ್ ಬ್ಯಾಂಡಿನಿಂದ ಗಿಟಾರಿಸ್ಟ್ ಸುಸ್ಮಿತ್ ಸೇನ್ 2013ರಲ್ಲಿ ಹೊರಬಂದರು. ಬ್ಯಾಂಡ್ ಅದೇ ಹೆಸರಲ್ಲಿ ನಡೆಯಿತು, ಅವರು ತಮ್ಮದನ್ನು ಮಾಡಿಕೊಂಡರು.

ಬಿಟ್ಟುಕೊಡಿ ಅಂದರೆ ಪುಕ್ಕಟೆ ಕೊಡಿ ಅಂತಲ್ಲ. ಬದಲಿಗೆ ಬರಹದಲ್ಲಿ ಕೇಳಿ: ಹಳೇ ಹಾಡುಗಳನ್ನು ಸ್ಟೇಜಿನಲ್ಲೂ ರೆಕಾರ್ಡಿಂಗ್‌ನಲ್ಲೂ ಬಳಸುವ ಅನುಮತಿ, ಎಲ್ಲಾ ಕಡೆ ಸಂಯೋಜಕ ಅಂತ ನಿಮ್ಮ ಹೆಸರು, ಮತ್ತು ಮಲ್ಟಿಟ್ರ್ಯಾಕ್ ಫೈಲ್‌ಗಳ (ಒಂದೊಂದು ವಾದ್ಯ, ದನಿ ಬೇರೆ ಬೇರೆಯಾಗಿರುವ ರೆಕಾರ್ಡಿಂಗ್) ಒಂದು ಪ್ರತಿ. ಯೂಟ್ಯೂಬ್ ಚಾನೆಲ್ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಸ್ಟ್ರೀಮಿಂಗ್ ದುಡ್ಡು ಯಾರ ಅಕೌಂಟಿಗೆ ಬೀಳುತ್ತಿದೆ ಅಂತಲೂ ಇವತ್ತೇ ನೋಡಿ. ನಮ್ಮ ಕಡೆ ಬ್ಯಾಂಡ್ ಜಗಳದಲ್ಲಿ ಅರ್ಧ ಅಲ್ಲಿಂದಲೇ ಹುಟ್ಟುತ್ತದೆ. ಪೋಸ್ಟರಿನಲ್ಲಿ 'ಇಂಥ ಬ್ಯಾಂಡಿನ ಮಾಜಿ ಗಿಟಾರಿಸ್ಟ್' ಅಂತ ನಿಜ ಹೇಳಿಕೊಳ್ಳಲು ಅಡ್ಡಿಯಿಲ್ಲ ಅನ್ನುವುದನ್ನೂ ಆ ಕಾಗದದಲ್ಲಿ ಸೇರಿಸಿಬಿಡಿ. ಮೊದಮೊದಲು ಕರೆ ಬರುವುದು ಆ ಒಂದು ಸಾಲಿನಿಂದ. ಅಕ್ಷರ ಚಿಕ್ಕದಿರಲಿ, ನಿಮ್ಮ ಹೆಸರಿನ ಕೆಳಗಿರಲಿ.

ಇನ್ನು ಆ ಕಾಲೇಜ್ ಫೆಸ್ಟ್. ಒಪ್ಪಿಕೊಳ್ಳಿ, ಆದರೆ ಮೇಲಿನ ಕಾಗದಕ್ಕೆ ನಾಲ್ಕೂ ಜನ ಸಹಿ ಹಾಕಿದ ಮೇಲೆ. ಇಷ್ಟು ದಿನ ಮಾತೇ ಬಿಟ್ಟಿದ್ದ ನಾಲ್ವರನ್ನು ಒಂದು ಮೇಜಿನ ಸುತ್ತ ಕೂರಿಸಲು ದೊಡ್ಡ ಮೊತ್ತದಂಥ ಕಾರಣ ಮತ್ತೆ ಸಿಗುವುದಿಲ್ಲ. ಪೇಮೆಂಟ್ ನೇರ ನಾಲ್ಕು ಅಕೌಂಟಿಗೆ ಹೋಗಲಿ, ಒಬ್ಬರ ಕೈಗೆ ಬಂದು ಹಂಚುವುದು ಬೇಡ. 'ಒಂದೇ ಕಾರ್ಯಕ್ರಮ' ಅಂತ ಪೋಸ್ಟರಿನಲ್ಲಿ ಹಾಕಿಸಿ, ಇಲ್ಲದಿದ್ದರೆ ಬ್ಯಾಂಡ್ ಮತ್ತೆ ಸೇರಿತು ಅಂತ ಸುದ್ದಿಯಾಗಿ ನಿಮ್ಮ ಹೊಸ ಕೆಲಸ ಆರು ತಿಂಗಳು ಹಿಂದೆ ಬೀಳುತ್ತದೆ. ನಿಮ್ಮ ಹೊಸ ಹಾಡನ್ನು ಅವತ್ತು ಅಲ್ಲಿ ತುರುಕಲು ಹೋಗಬೇಡಿ. ಜನ ಬಂದಿರುವುದು ಅದಕ್ಕಲ್ಲ, ಚಪ್ಪಾಳೆ ಬೀಳದಿದ್ದರೆ ನಿಮಗೆ ನೋವಾಗುತ್ತದೆ. ಅದನ್ನು ಅರವತ್ತು ಜನ ಹಿಡಿಸುವ ಚಿಕ್ಕ ಜಾಗದಲ್ಲಿ, ನಿಮ್ಮ ಶ್ರುತಿಯಲ್ಲಿ, ನಿಮ್ಮ ಹೆಸರಲ್ಲಿ ಮೊದಲು ಹಾಡಿ. ಎರಡನೇ ಡೆಮೊವನ್ನು ಮೂರು ಫ್ರೆಟ್ ಕೆಳಗೆ ತಂದ ಮೇಲೆ ಇನ್ನೊಮ್ಮೆ ಕಳಿಸಿ, ಕೇಳುತ್ತೇನೆ.